ಮೈಕಣ್ಣನ ಆಗಮನ ಕಾಲ

ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ಯಾವ ಗಾಡಿ ಬಂತು, ಯಾವ ಗಾಡಿ ಹೊರಟಿತು ಎಂದು ಸಾರುವ ಮನುಷ್ಯನಿಗೆ ಊರು ಇಟ್ಟ ಹೆಸರು ಮೈಕಣ್ಣ. ನಿಜವಾದ ಹೆಸರು ಅವನ ಹೆಂಡತಿಗೆ ಗೊತ್ತಿತ್ತು, ಸಂಬಳ ಕೊಡುವವರಿಗೆ ಗೊತ್ತಿತ್ತು, ಉಳಿದವರಿಗೆ ಬೇಕಾಗಿರಲಿಲ್ಲ. ಧ್ವನಿ ಎಂದರೆ ಅದು ಧ್ವನಿ. ಗಾಡಿ ತಡವಾಗಿ ಬರಲಿದೆ ಎಂದು ಅವನು ಹೇಳಿದರೆ, ತಡವಾದದ್ದೇ ತಮ್ಮ ಭಾಗ್ಯ ಎಂಬಂತೆ ಜನ ಇನ್ನೊಂದು ಕಪ್ ಟೀ ತರಿಸಿಕೊಂಡು ಕೂರುತ್ತಿದ್ದರು.

ಆದರೆ ದಿನವಿಡೀ ಊರಿಗೆಲ್ಲ ಕೇಳುವಂತೆ ತೆರೆದಿದ್ದ ಆ ಬಾಯಿ ಮನೆಯ ಹೊಸ್ತಿಲು ದಾಟುತ್ತಲೇ ಮುಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ಅವನ ಶಬ್ದಭಂಡಾರ ಬಹಳ ಚಿಕ್ಕದು. ‘ಹ್ಞೂಂ’, ‘ಹ್ಞಾಂ’, ಮತ್ತು ಸಾರು ಸಪ್ಪೆಯಾದ ದಿನ ‘ಉಪ್ಪು’. ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು ಬೀದಿಯವರ ಪರದೆ, ದಿಂಬಿನ ಚೀಲ ಹೊಲಿಯುತ್ತ ಇಬ್ಬರ ಪಾಲಿನ ಮಾತನ್ನೂ ತಾನೊಬ್ಬಳೇ ಆಡಿ ಮುಗಿಸುತ್ತಿದ್ದಳು. ಸಂಸಾರ ಹೀಗೆ ಸುಸೂತ್ರವಾಗಿ ಸಾಗಿತ್ತು.

ಆಮೇಲೆ ಮಗಳಿಗೆ ಹೆರಿಗೆಯಾಯಿತು. ಹೆಂಡತಿ ಒಂದು ತಿಂಗಳಿಗೆಂದು ಮಗಳ ಊರಿಗೆ ಹೋದಳು. ಮಗುವಿಗೆ ಶೀತ, ಮಗಳಿಗೆ ನಿದ್ದೆಯಿಲ್ಲ, ಅಳಿಯನಿಗೆ ಹಾಲು ಕಾಯಿಸಲು ಬರುವುದಿಲ್ಲ ಎಂದು ತಿಂಗಳು ಹಿಗ್ಗುತ್ತಾ ಹೋಯಿತು. ಫೋನಿನಲ್ಲಿ ಅವಳು ಪ್ರತಿ ಸಲವೂ ಕೇಳುತ್ತಿದ್ದಳು, “ನಾನು ಬಂದ್ಬಿಡ್ಲಾ?”

“ಬೇಡ ಬೇಡ,” ಎನ್ನುತ್ತಿದ್ದ ಮೈಕಣ್ಣ. “ನಾನಿಲ್ಲಿ ಹಾಯಾಗಿದ್ದೀನಿ. ನನಗೆ ಪುರುಸೊತ್ತೇ ಇಲ್ಲ.”

ಉದ್ದುದ್ದ ಹೆಸರಿನ ಎಕ್ಸ್‌ಪ್ರೆಸ್‌ಗಳನ್ನೆಲ್ಲ ಒಂದೇ ಉಸಿರಿಗೆ ಹೇಳಬಲ್ಲವನಿಗೆ ‘ಬಾ’ ಎಂಬ ಒಂದಕ್ಷರ ಹೊರಡುತ್ತಿರಲಿಲ್ಲ. ಫೋನಿಟ್ಟ ಮೇಲೆ ಆ ಹಾಯಾದ ಮನುಷ್ಯ ಅಡುಗೆಮನೆಯಲ್ಲಿ ನಿಂತು, ಗೂಟಕ್ಕೆ ತೂಗುಹಾಕಿದ್ದ ಅವಳ ಕೈ ಒರೆಸುವ ಬಟ್ಟೆಯನ್ನು ತುಂಬಾ ಹೊತ್ತು ನೋಡುತ್ತಿದ್ದ. ಒಮ್ಮೆ ಅದನ್ನು ಒಗೆಯಲು ತೆಗೆದವನು, ಮತ್ತೆ ಅಲ್ಲೇ ತೂಗುಹಾಕಿದ.

ಇದು ಹೀಗಿರಲು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಬಂತು. ಮೊದಲ ಭಾನುವಾರ ಮೈಕಣ್ಣ ರಾತ್ರಿ ಪಾಳಿ ಮುಗಿಸಿ ನೇರ ಚರ್ಚಿಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ದೇವರ ಸನ್ನಿಧಿಯಲ್ಲಿ ಸುಖವಾಗಿ ತೂಕಡಿಸುತ್ತಿದ್ದ. ಉಪದೇಶ ಮಾಡುತ್ತಿದ್ದ ಪಾದ್ರಿ ಧ್ವನಿ ಎತ್ತರಿಸಿ, “ಪ್ರಿಯರೇ, ಇದು ಆಗಮನ!” ಎಂದರು.

ಮೈಕಣ್ಣ ಎದ್ದು ನಿಂತ. ಕಣ್ಣು ಮುಚ್ಚಿಯೇ ಇತ್ತು. “ಪ್ರಯಾಣಿಕರೇ, ದಯವಿಟ್ಟು ಗಮನಿಸಿ,” ಎಂದು ಗುಡುಗುವ ಧ್ವನಿಯಲ್ಲಿ ಶುರುಮಾಡಿದ. “ಇದೀಗ ಆಗಮಿಸುತ್ತಿರುವ ಗಾಡಿಯು ಎರಡನೇ ಪ್ಲಾಟ್‌ಫಾರ್ಮಿಗೆ...”

ಮುಂದಿನ ಸಾಲಿನ ಇಬ್ಬರು ಹೆಂಗಸರು ಗಾಬರಿಯಿಂದ ಕೈಚೀಲ ಎತ್ತಿಕೊಂಡರು. ಒಬ್ಬ ಮುದುಕ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೂ ಬಿಟ್ಟ. ಇಡೀ ಚರ್ಚು ನಕ್ಕಿತು. ಪಾದ್ರಿ ನಗಲಿಲ್ಲ. “ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ,” ಎಂದರು. “ಬರೋನು ಹೊರಟಾಗಿದೆ. ಯಾವ ಪ್ಲಾಟ್‌ಫಾರ್ಮಿಗೆ ಬರ್ತಾನೆ ಅನ್ನೋದು ಮಾತ್ರ ನಮಗೆ ಗೊತ್ತಿಲ್ಲ. ಕಾಯೋದು ಅಂದ್ರೆ ಮುಖ ಸಣ್ಣ ಮಾಡ್ಕೊಂಡು ಕೂರೋದಲ್ಲ. ದಿನಕ್ಕೊಂದು ಸಣ್ಣ ಸಂತೋಷ ಹುಡುಕಿ. ಸಂಜೆ ಮೇಣದಬತ್ತಿ ಹಚ್ಚಿ ಅದನ್ನ ಮನೆಯವರಿಗೆ ಹೇಳಿ. ಕ್ರಿಸ್‌ಮಸ್ ತನಕ ಇಷ್ಟು ಮಾಡಿ ಸಾಕು.”

ಮನೆಯವರು ಎಂದರೆ ಮನೆಯಲ್ಲಿರುವವರೆಲ್ಲ ಎಂದು ಪಾದ್ರಿಯ ಅರ್ಥ. ಅವರು ಬ್ರಹ್ಮಚಾರಿಗಳು. ಮದುವೆಯಾದವರ ಬಾಯಲ್ಲಿ ‘ನಮ್ಮ ಮನೆಯವರು’ ಎಂದರೆ ಒಬ್ಬರೇ ಒಬ್ಬರು ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ.

ಎಲ್ಲರ ಮುಂದೆ ಎದ್ದು ನಿಂತ ನಾಚಿಕೆಗೆ ಪ್ರಾಯಶ್ಚಿತ್ತವೆಂಬಂತೆ ಮೈಕಣ್ಣ ಈ ಮಾತನ್ನು ಚಾಚೂ ತಪ್ಪದೆ ಪಾಲಿಸಲು ನಿರ್ಧರಿಸಿದ. ತಟ್ಟೆಯಲ್ಲಿ ಹಸಿರು ರೆಂಬೆ ಸುತ್ತಿ ನಾಲ್ಕು ಮೇಣದಬತ್ತಿ ನಿಲ್ಲಿಸಿದ. ವಾರಕ್ಕೊಂದರಂತೆ ಹೆಚ್ಚಿಸುತ್ತಾ ಹೋಗಬೇಕಾದ್ದನ್ನು ಮರೆತು ಮೊದಲ ದಿನವೇ ನಾಲ್ಕನ್ನೂ ಹಚ್ಚಿಬಿಟ್ಟ. ಆಮೇಲೆ ಫೋನ್ ಮಾಡಿದ.

“ಏನ್ರೀ?” ಎಂದಳು ಹೆಂಡತಿ. “ಈ ಹೊತ್ತಲ್ಲಿ? ಹುಷಾರಿದ್ದೀರಾ?”

ಮೈಕಣ್ಣನ ಬಳಿ ಆ ದಿನದ ಸಂತೋಷವೊಂದು ಸಿದ್ಧವಾಗಿತ್ತು. ಗಂಟಲವರೆಗೂ ಬಂತು. “ಹ್ಞೂಂ,” ಎಂದ.

“ಊಟ ಆಯ್ತಾ?”

“ಹ್ಞಾಂ.”

“ಮತ್ತೆ?”

“ಹಾಯಾಗಿದ್ದೀನಿ ಅಂತ ಹೇಳೋಣಾಂತ,” ಎಂದು ಫೋನಿಟ್ಟುಬಿಟ್ಟ.

ಹೇಳದೆ ಉಳಿದ ಸಂತೋಷ ಜೀರ್ಣವಾಗದ ಊಟದಂತೆ ಎದೆಯಲ್ಲಿ ಕೂತಿತು. ಮನೆಯಲ್ಲಿ ಆಚೀಚೆ ಓಡಾಡಿದ. ಕಿಟಕಿಯ ಪಕ್ಕ ಹೆಂಡತಿಯ ಹೊಲಿಗೆ ಮಿಷನ್ನಿತ್ತು. ಧೂಳು ಕೂರದಿರಲೆಂದು ಅವನೇ ಅದಕ್ಕೆ ಅವಳ ಹೂವಿನ ಚಿತ್ತಾರದ ಶಾಲು ಹೊದಿಸಿದ್ದ. ಕೂತ ಮನುಷ್ಯರಷ್ಟೇ ಎತ್ತರ. ಮೈಕಣ್ಣ ಮೇಣದಬತ್ತಿಯ ತಟ್ಟೆಯನ್ನು ಅದರ ಮುಂದಿಟ್ಟು, ತಾನು ಎದುರಿಗೆ ಕೂತು, ಒಮ್ಮೆ ಕೆಮ್ಮಿ, “ಇವತ್ತೇನಾಯ್ತು ಗೊತ್ತಾ?” ಎಂದ.

ಮಿಷನ್ನು ಅಡ್ಡ ಮಾತಾಡಲಿಲ್ಲ.

“ಒಬ್ಬಳು ಅಜ್ಜಿ ಪ್ಯಾಸೆಂಜರ್ ಗಾಡಿಯಿಂದ ಇಳಿದಳು ಕಣೇ. ಕಂಕುಳಲ್ಲೊಂದು ಬಾತುಕೋಳಿ. ಗೇಟಲ್ಲಿ ಕಲೆಕ್ಟರ್ ಟಿಕೆಟ್ ಕೇಳಿದ್ರೆ ಬಾತುಕೋಳೀನ ತೋರಿಸಿ, ‘ಇದರ ಹತ್ರ ಇದೆ’ ಅಂದಳು. ಅವನು ಬಗ್ಗಿ ನೋಡ್ತಾನೆ, ನಿಜವಾಗ್ಲೂ ಅದರ ರೆಕ್ಕೆ ಕೆಳಗೆ ಸಿಗಿಸಿದ್ಲು!” ಎಂದು ಹೇಳಿ ಮೈಕಣ್ಣ ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಮರುದಿನ ಇನ್ನೊಂದು ಹೇಳಿದ. ಅದರ ಮರುದಿನ ಸ್ಪೀಕರಿನೊಳಗೆ ಗುಬ್ಬಚ್ಚಿ ಗೂಡು ಕಟ್ಟಿ, ತನ್ನ ಪ್ರತಿ ಘೋಷಣೆಗೂ ಚಿಲಿಪಿಲಿ ಎಂದು ಸಾಕ್ಷಿ ಹೇಳುವ ಸಂಗತಿ ಬಂತು. ಹೇಳಲಿಕ್ಕೆ ಬೇಕಲ್ಲ ಎಂದು ಹಗಲೆಲ್ಲ ಕಣ್ಣು ಬಿಟ್ಟುಕೊಂಡು ನೋಡತೊಡಗಿದ. ಇಷ್ಟು ವರ್ಷ ಗಾಡಿಗಳನ್ನಷ್ಟೇ ಕಂಡವನಿಗೆ ಈಗ ಗಾಡಿಯಿಂದ ಇಳಿಯುವವರು ಕಾಣತೊಡಗಿದರು. ಎರಡು ಕಪ್ಪಿನಲ್ಲಿ ಟೀ ಸುರಿದು, ಒಂದನ್ನು ಆ ಕಡೆ ಇಟ್ಟು, ಕೊನೆಗೆ ಎರಡನ್ನೂ ತಾನೇ ಕುಡಿದು ಮಲಗುತ್ತಿದ್ದ.

ಆ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಪಕ್ಕದ ಮನೆಯಲ್ಲಿ ಇದ್ದವರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ. ಜೀವಮಾನವೆಲ್ಲ ರೋಗಿಗಳ ಉಸಿರಾಟ ಕೇಳಿ ಪಳಗಿದ ಕಿವಿ ಅದು. ಗೋಡೆಯಾಚೆ ‘ಕಣೇ’ ಎಂಬ ಶಬ್ದ ಬಿದ್ದದ್ದೇ ಅವರು ಎದ್ದು ಕೂತರು. ನಗು ಕೇಳಿಸಿತು. ಕಪ್ಪು ಬಸಿಯ ಸದ್ದು ಕೇಳಿಸಿತು. ಚಪ್ಪಲಿ ಮೆಟ್ಟಿ ಬೀದಿಗಿಳಿದು ನೋಡಿದರೆ ಕಿಟಕಿಯ ಪರದೆಯ ಮೇಲೆ ನೆರಳು. ತಲೆತುಂಬ ಶಾಲು ಹೊದ್ದ ಹೆಂಗಸು ತಲೆ ತಗ್ಗಿಸಿ ಕೂತಿದ್ದಾಳೆ. ಎದುರಿಗೆ ಮೈಕಣ್ಣ ಕೈ ಬೀಸಿ ಬೀಸಿ ಮಾತಾಡುತ್ತಿದ್ದಾನೆ. ಮಧ್ಯೆ ಮೇಣದಬತ್ತಿಗಳು ಬೇರೆ!

ಬೆಳಿಗ್ಗೆ ನಲ್ಲಿಯ ಬಳಿ ನರ್ಸಮ್ಮ ಕೇಳಿದರು, “ಮೈಕಣ್ಣ, ನಿನ್ನೆ ಸಂಜೆ ಮಾತು ಕೇಳಿಸ್ತು. ಯಾರಾದ್ರೂ ಬಂದಿದ್ರಾ?”

ಖಾಲಿ ಮನೆಯಲ್ಲಿ ಮಿಷನ್ನಿನ ಜೊತೆ ಹರಟುತ್ತೇನೆ ಎಂದು ನರ್ಸಿಗೆ ಹೇಳುವಷ್ಟು ಮೈಕಣ್ಣ ದಡ್ಡನಲ್ಲ. ಅವರು ಕೂಡಲೇ ನಾಡಿ ಹಿಡಿದು ನೋಡುವ ಪೈಕಿ. “ಹೀಗೇ... ಪರಿಚಯದವರು,” ಎಂದ.

“ದಿನಾ ಬರ್ತಾರಾ?”

“ಕ್ರಿಸ್‌ಮಸ್ ತನಕ.”

ನರ್ಸಮ್ಮನ ಕೊಡ ತುಂಬಿ ಹರಿಯುತ್ತಿದ್ದುದು ಅವರಿಗೆ ತಿಳಿಯಲೇ ಇಲ್ಲ. ಆ ಕೊಡ ಮನೆ ಸೇರುವ ಮೊದಲು ಸುದ್ದಿ ಚರ್ಚು ಸೇರಿತು.

ಪಾದ್ರಿ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಮೈಕಣ್ಣನನ್ನು ಪಕ್ಕಕ್ಕೆ ಕರೆದರು. “ಸಂಜೆ ಹೊತ್ತು ನಿಮ್ಮನೇಲಿ ಏನೋ ನಡೀತಿದೆ ಅಂತ ಕೇಳ್ದೆ.”

ಮೈಕಣ್ಣನ ಮುಖ ಅರಳಿತು. “ಹೌದು ಫಾದರ್. ನೀವು ಹೇಳಿದ ಮೇಲೇ ಶುರು ಮಾಡಿದ್ದು.”

“ನಾನಾ?”

“ದಿನಕ್ಕೊಂದು ಸಂತೋಷ ಅಂದ್ರಲ್ಲ!”

“ಸಣ್ಣ ಸಂತೋಷ ಅಂದಿದ್ದೆ!”

“ಸಣ್ಣದೇ ಫಾದರ್. ಅರ್ಧ ಗಂಟೆ ಅಷ್ಟೆ. ಮೇಣದಬತ್ತಿ ಹಚ್ಕೊಂಡು.”

ಪಾದ್ರಿ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತರು. “ನಿಮ್ಮ ಹೆಂಡತಿಗೆ ಗೊತ್ತಾ?”

“ಅಯ್ಯೋ ಬೇಡ ಫಾದರ್! ಗೊತ್ತಾದ್ರೆ ನನ್ನ ಮಾನ ಏನಾಗ್ಬೇಕು?”

“ಇದನ್ನ ಈಗಲೇ ನಿಲ್ಲಿಸ್ಬೇಕು.”

“ಕ್ರಿಸ್‌ಮಸ್ ತನಕ ಅಂತ ನೀವೇ ಅಂದಿದ್ದು,” ಎಂದ ಮೈಕಣ್ಣ ನೊಂದ ಧ್ವನಿಯಲ್ಲಿ. “ಅರ್ಧಕ್ಕೆ ಬಿಟ್ರೆ ಪಾಪ ಅಲ್ವಾ?”

ತಮ್ಮ ಉಪದೇಶ ಜನರ ಮೇಲೆ ಪರಿಣಾಮ ಬೀರುತ್ತಿಲ್ಲ ಎಂದು ಇಷ್ಟು ಕಾಲ ಕೊರಗುತ್ತಿದ್ದ ಆ ಸಾಧು ಮನುಷ್ಯ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

ಮೈಕಣ್ಣನಿಗೆ ವಿಷಯ ಹೊಳೆದದ್ದು ಸ್ಟೇಷನ್ ಮಾಸ್ಟರ ಕೋಣೆಯಲ್ಲಿ. ಎಂದೂ ಕೂರಲು ಹೇಳದ ಮಾಸ್ಟರು ಅಂದು ಕುರ್ಚಿ ತೋರಿಸಿ, ಬಾಗಿಲು ಮುಂದೆ ಮಾಡಿ, “ನೋಡಯ್ಯ, ಇಲಾಖೆಗೂ ನಿನ್ನ ಖಾಸಗಿ ಜೀವನಕ್ಕೂ ಸಂಬಂಧ ಇಲ್ಲ. ಆದ್ರೂ ಕೇಳ್ತೀನಿ. ಯಾರು?” ಎಂದರು.

“ಯಾರು ಅಂದ್ರೆ ಸಾರ್?”

“ಸಂಜೆ ಕಿಟಕಿ ಹತ್ರ ಕೂರ್ತಾರಂತಲ್ಲ, ಅವರು.”

ನಲ್ಲಿ, ಪಾದ್ರಿ, ಬೆಂಚು ಎಲ್ಲ ಒಟ್ಟಿಗೆ ಮೈಕಣ್ಣನ ತಲೆಯಲ್ಲಿ ಗಡಗಡ ಉರುಳಿದವು. ‘ಅದು ಮಿಷನ್ನು ಸಾರ್’ ಎನ್ನಲು ಬಾಯಿ ತೆರೆದ. ಆಗ ಮಾಸ್ಟರ ಮುಖ ಕಣ್ಣಿಗೆ ಬಿತ್ತು. ಅಂಥ ಕುತೂಹಲ, ಅಂಥ ಗೌರವದಿಂದ ಈ ಜನ್ಮದಲ್ಲಿ ಯಾರೂ ಅವನನ್ನು ನೋಡಿರಲಿಲ್ಲ. ಹೆಂಡತಿಯಿಲ್ಲದೆ ಕಂಗಾಲಾಗಿ ಮಿಷನ್ನಿಗೆ ಶಾಲು ಹೊದಿಸಿ ಮಾತಾಡುವ ಪೆಚ್ಚ ಎನ್ನಿಸಿಕೊಳ್ಳುವುದೋ, ಈ ಗೌರವವನ್ನು ಎರಡು ದಿನ ಇಟ್ಟುಕೊಳ್ಳುವುದೋ? ಮೈಕಣ್ಣ ಗಂಭೀರವಾಗಿ ಛಾವಣಿ ನೋಡಿ, “ಕಿಟಕಿ ಹತ್ರ ಗಾಳಿ ಚೆನ್ನಾಗಿ ಬರುತ್ತೆ ಸಾರ್,” ಎಂದ.

“ಏನ್ ಕೆಲಸ ಅವರದ್ದು?”

“ಹೊಲಿಗೆ.”

“ಮಾತು ಜಾಸ್ತೀನಾ?”

“ಇಲ್ಲ ಸಾರ್. ನಾನು ಹೇಳಿದ್ದನ್ನ ಸುಮ್ಮನೆ ಕೇಳಿಸ್ಕೊಂಡು ಕೂತಿರ್ತಾರೆ.”

ಮಾಸ್ಟರು ಬಹಳ ಹೊತ್ತು ಮೇಜಿನ ಮೇಲಿದ್ದ ಹಸಿರು ಬಾವುಟ ನೋಡಿದರು. “ಪುಣ್ಯವಂತ ಕಣಯ್ಯ ನೀನು,” ಎಂದು ದೀರ್ಘವಾಗಿ ಉಸಿರುಬಿಟ್ಟರು.

ಅಂದಿನಿಂದ ಮೈಕಣ್ಣನ ನಡಿಗೆಯೇ ಬದಲಾಯಿತು. ಮೂರು ವರ್ಷದಿಂದ ನಮಸ್ಕಾರಕ್ಕೆ ತಿರುಗಿ ನೋಡದಿದ್ದ ಟಿಕೆಟ್ ಕಲೆಕ್ಟರ್ ತಾನಾಗಿ ಟೀ ತಂದುಕೊಟ್ಟ. ಆದರೆ ಸಂಜೆ ಮನೆಗೆ ಬಂದು ಮೇಣದಬತ್ತಿ ಹಚ್ಚಿದಾಗ ಮಾತ್ರ ಮೈಕಣ್ಣನಿಗೆ ಮಾತು ಹೊರಡಲಿಲ್ಲ. ಶಾಲಿನ ಅಂಚು ಸರಿಮಾಡಿ, “ಇವತ್ತು ಏನೂ ಇಲ್ಲ ಕಣೇ,” ಎಂದ. “ನೀನಿದ್ದಿದ್ರೆ ಏನಾದ್ರೂ ಸಿಗ್ತಿತ್ತು.”

ಗೋಡೆಗೆ ಕಿವಿಯಿಟ್ಟಿದ್ದ ನರ್ಸಮ್ಮ ‘ಜಗಳ ಆಗಿದೆ, ಆಕೆ ಬಂದಿಲ್ಲ’ ಎಂದು ತೀರ್ಮಾನಿಸಿದರು. ಇದೇ ಸರಿಯಾದ ಸಮಯವೆಂದು ಮೈಕಣ್ಣನ ಹೆಂಡತಿಗೆ ಫೋನ್ ಮಾಡಿಯೂ ಬಿಟ್ಟರು.

ಎರಡು ದಿನ ಕಳೆದು ಮಧ್ಯಾಹ್ನ, ಮೈಕಣ್ಣನ ಭಾವಮೈದ ಘೋಷಣೆಯ ಕೋಣೆಗೆ ನುಗ್ಗಿದ. ಊರಲ್ಲಿ ಬೇಕರಿ ಇಟ್ಟಿದ್ದವನು. ಮೊಣಕೈವರೆಗೆ ಮೈದಾ ಹಿಟ್ಟು ಮೆತ್ತಿಕೊಂಡು, ಒಲೆಯ ಮುಂದಿನಿಂದ ಹಾಗೇ ಎದ್ದು ಬಂದಿದ್ದ. ಮೈಕಣ್ಣ ಆಗತಾನೇ ಗೂಡ್ಸ್ ಗಾಡಿಯ ವಿಷಯ ಹೇಳಿ ಮುಗಿಸಿದ್ದ. ಮೈಕು ಆರಿಸಲು ಕೈ ಚಾಚಿದ್ದವನು ಆ ಅವತಾರ ನೋಡಿ ಮರೆತ.

“ಭಾವ! ನಮ್ಮಕ್ಕ ನಿಮಗೆ ಏನು ಕಡಿಮೆ ಮಾಡಿದ್ಲು?”

ಆ ಪ್ರಶ್ನೆ ಎಲ್ಲ ಪ್ಲಾಟ್‌ಫಾರ್ಮುಗಳ ಮೇಲೂ ಮೊಳಗಿತು. ಟೀ ಅಂಗಡಿಯಲ್ಲಿ ಲೋಟಗಳು ಅರ್ಧಕ್ಕೆ ನಿಂತವು.

“ಮೆಲ್ಲಗೆ ಮಾತಾಡಪ್ಪ, ಯಾರಾದ್ರೂ ಕೇಳಿಸ್ಕೊಂಡಾರು,” ಎಂದ ಮೈಕಣ್ಣನ ಧ್ವನಿ ಸ್ಟೇಷನ್ನಿನ ತುಂಬ ಗಂಭೀರವಾಗಿ ಹರಡಿತು.

“ಕೇಳಿಸ್ಕೊಳ್ಳಲಿ! ಈ ವಯಸ್ಸಲ್ಲಿ ಮೇಣದಬತ್ತಿ ಬೇರೆ ಕೇಡು ನಿಮಗೆ! ಅಕ್ಕನಿಗೆ ಎಲ್ಲ ಗೊತ್ತಾಗಿದೆ. ಕೈಯಲ್ಲಿದ್ದ ಕೂಸನ್ನ ಅಳಿಯನಿಗೆ ಕೊಟ್ಟು ಹೊರಟೇಬಿಟ್ಟಿದ್ದಾಳೆ. ಸಂಜೆ ಗಾಡಿಗೆ ಬರ್ತಾಳೆ, ತಿಳ್ಕೊಳಿ!”

ಸ್ಪೀಕರಿನಲ್ಲಿ ಒಂದು ಕ್ಷಣ ಗುಬ್ಬಚ್ಚಿಗಳಷ್ಟೇ ಕೇಳಿಸಿದವು. ಆಮೇಲೆ ಮೈಕಣ್ಣ ಹೇಳಿದ, “ಬರ್ತಾಳಾ?”

ಭಾವಮೈದ ತಬ್ಬಿಬ್ಬಾದ.

“ನಿಜವಾಗ್ಲೂ ಬರ್ತಾಳಾ? ಸಂಜೆ ಗಾಡಿಗೇನಾ? ಅವಳೇ ಹೇಳಿದ್ಲಾ? ಕಿಟಕಿ ಪಕ್ಕ ಸೀಟು ಸಿಕ್ಕಿತಂತಾ?”

ಇದು ಸಿಕ್ಕಿಬಿದ್ದವನು ಕೇಳುವ ಪ್ರಶ್ನೆಯಲ್ಲ ಎಂದು ಪ್ಲಾಟ್‌ಫಾರ್ಮಿನ ಮೇಲಿದ್ದ ಅಪರಿಚಿತರಿಗೆಲ್ಲ ಹೊಳೆಯಿತು. ಭಾವಮೈದನಿಗೆ ಹೊಳೆಯಲಿಲ್ಲ. “ನಿಮಗೆ ಭಯ ಆಗಲ್ವಾ ಭಾವ?” ಎಂದ.

“ಇರು, ಗಾಡಿ ಎಲ್ಲಿದೆ ಅಂತ ಕೇಳ್ಬೇಕು,” ಎಂದು ಮೈಕಣ್ಣ ಫೋನಿಗೆ ಕೈಹಾಕಿದ.

ಗಾಡಿ ತಡವಾಗಿತ್ತು. ಆ ಮಧ್ಯಾಹ್ನ ಅವನು ಅದನ್ನು ಎಷ್ಟು ಸಲ ಸಾರಿದನೋ ಲೆಕ್ಕವಿಲ್ಲ. ಹಿಂದಿನ ಸ್ಟೇಷನ್ ದಾಟಿದ್ದು, ಸಿಗ್ನಲ್‌ಗೆ ನಿಂತಿದ್ದು, ಮತ್ತೆ ಹೊರಟದ್ದು, ಎಲ್ಲವನ್ನೂ ಜ್ವರದಲ್ಲಿರುವವರ ಸುದ್ದಿ ಹೇಳುವಂತೆ ಹೇಳಿದ. ಬೇರೆ ಗಾಡಿಗಳು ಹೇಳದೆ ಕೇಳದೆ ಬಂದು ಹೋದವು. ಬೇರೆ ಊರಿಗೆ ಹೊರಟಿದ್ದ ಕೆಲವರು ತಮ್ಮ ಗಾಡಿ ಬಿಟ್ಟು ಇದನ್ನು ನೋಡಿಯೇ ಹೋಗೋಣವೆಂದು ಕೂತರು. ನರ್ಸಮ್ಮ ಬಂದರು. ಪಾದ್ರಿ, ತಮ್ಮ ಉಪದೇಶದ ಫಲ ಕಣ್ಣಾರೆ ನೋಡಬೇಕಾದ ಹೊಣೆ ಹೊತ್ತು, ಜಪಮಾಲೆ ಹಿಡಿದು ಬಂದರು.

ಕೊನೆಗೆ ದೂರದಲ್ಲಿ ಸೀಟಿ ಕೇಳಿಸಿತು. ಮೈಕಣ್ಣ ಮೈಕು ಹಿಡಿದ. “ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ನಮ್ಮ ಮನೆಯವರು ಬರುತ್ತಿರುವ ಗಾಡಿಯು ಒಂದನೇ ಪ್ಲಾಟ್‌ಫಾರ್ಮಿಗೆ...” ಎಂದವನೇ ಎದ್ದು ಓಡಿದ.

ಎರಡನೆಯದರಲ್ಲಿದ್ದ ಜನವೆಲ್ಲ ಗಂಟುಮೂಟೆ ಸಮೇತ ಮೇಲ್ಸೇತುವೆ ಹತ್ತಿ ಒಂದನೆಯದಕ್ಕೆ ನುಗ್ಗಿತು. ಗಾಡಿ ಎಂದಿನಂತೆ ಎರಡನೆಯದಕ್ಕೆ ಬಂದು ನಿಂತಿತು. ಜನವೆಲ್ಲ ಮತ್ತೆ ಸೇತುವೆ ಹತ್ತಿತು. ನಡುವೆ ಸಿಕ್ಕಿದ ಮೈಕಣ್ಣ, ಒಬ್ಬರ ಹಾಸಿಗೆ ಸುರುಳಿಗೂ ಇನ್ನೊಬ್ಬರ ಸೂಟ್‌ಕೇಸಿಗೂ ಮಧ್ಯೆ ಕಂಬಿಗೆ ಒತ್ತಿಹೋಗಿ, ಅಲ್ಲಾಡಲಾರದೆ ನಿಂತ. ಅವನು ಸೇತುವೆ ಇಳಿಯುವ ಹೊತ್ತಿಗೆ ಹೆಂಡತಿ ಹೊರಟುಹೋಗಿದ್ದಳು.

ಮನೆಯ ಬಾಗಿಲು ತೆರೆದಿತ್ತು. ಮೈಕಣ್ಣ, ಅವನ ಹಿಂದೆ ಭಾವಮೈದ, ನರ್ಸಮ್ಮ, ಪಾದ್ರಿ, ‘ಇಲಾಖೆಯ ಪರವಾಗಿ’ ಮಾಸ್ಟರು, ಎಲ್ಲ ಒಟ್ಟಿಗೆ ಒಳಹೊಕ್ಕರು. ಹೆಂಡತಿ ಕಿಟಕಿಯ ಬಳಿ ಬೆನ್ನು ಮಾಡಿ ನಿಂತಿದ್ದಳು. ಅವಳ ಮುಂದೆ ಶಾಲು ಹೊದ್ದ ಆಕೃತಿ. ಅದರ ಮುಂದೆ ಕರಗಿ ಮೊಟಕಾದ ನಾಲ್ಕು ಮೇಣದಬತ್ತಿ, ಎರಡು ಕಪ್ಪು.

“ಹಾಂ! ಇನ್ನೂ ಕೂತಿದ್ದಾಳೆ!” ಎಂದರು ನರ್ಸಮ್ಮ.

ಹೆಂಡತಿ ಶಾಲು ಎಳೆದಳು.

ಕೆಳಗೆ ಹೊಲಿಗೆ ಮಿಷನ್ನು. ಮೊದಲು ಮಾತಾಡಿದವರು ಮಾಸ್ಟರು. “ಹೊಲಿಗೆ ಅಂದಿದ್ದ...” ಎಂದರು ಒಡೆದ ಧ್ವನಿಯಲ್ಲಿ. “ಸುಮ್ಮನೆ ಕೇಳಿಸ್ಕೊಂಡು ಕೂತಿರ್ತಾರೆ ಅಂದಿದ್ದ...” ಲೋಕದಲ್ಲಿ ಅಂಥದ್ದೊಂದು ಹೆಣ್ಣಿದೆ ಎಂದು ನಂಬಿ ಕಳೆದ ದಿನಗಳನ್ನು ನೆನೆದು ಅವರು ಟೋಪಿ ತೆಗೆದು ಹೊರಗೆ ನಡೆದರು. ಪಾದ್ರಿ ಶಿಲುಬೆಯ ಗುರುತು ಹಾಕಿಕೊಂಡರು. ಭಾವಮೈದನಿಗೆ ಒಲೆಯಲ್ಲಿಟ್ಟ ಬ್ರೆಡ್ಡು ಈಗ ನೆನಪಾಗಿ ಓಡಿದ. ನರ್ಸಮ್ಮ ಮಾತ್ರ ಮಿಷನ್ನಿನ ಕೆಳಗೆ ಒಮ್ಮೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೇ ಹೊರಟರು.

ಇಬ್ಬರೇ ಉಳಿದರು. ನಗುತ್ತಾಳೆ ಎಂದುಕೊಂಡಿದ್ದ ಮೈಕಣ್ಣ. ಅವಳು ನಗಲಿಲ್ಲ.

“ಇನ್ನೊಬ್ಬಳು ಅಂತ ನಾನು ನಂಬಲಿಲ್ಲ,” ಎಂದಳು. “ನಿಮ್ಮ ಕೈಲಾಗೋ ಕೆಲಸ ಅಲ್ಲ ಅದು. ಆದ್ರೆ ದಿನಾ ಸಂಜೆ ಮಾತಾಡ್ತಾರೆ, ನಗ್ತಾರೆ ಅಂದ್ರಲ್ಲ ನರ್ಸಮ್ಮ, ಅದಕ್ಕೇ ಹೊಟ್ಟೆ ಉರೀತು. ಇಷ್ಟು ವರ್ಷ ಎದುರಿಗೇ ಕೂತಿದ್ದೆ. ಬರ್ಲಾ ಅಂತ ಕೇಳಿದಾಗೆಲ್ಲ ಬೇಡ ಅಂದ್ರಿ. ಅಪ್ಪನಿಗೆ ನೀನಿಲ್ದೇ ಹಾಯಾಗಿದೆಯಂತೆ ಅಂತ ಮಗಳು ನಕ್ರೆ, ನಾನೂ ನಗಬೇಕಾಗಿತ್ತು ಅಲ್ಲಿ. ಮಿಷನ್ನಿಗೆ ಹೇಳೋಕೆ ಬಾಯಿ ಬಂತು, ನನಗೆ ಬರಲಿಲ್ವಾ?”

ಮೈಕಣ್ಣ ಬಾಯಿ ತೆರೆದ. ‘ಹ್ಞೂಂ’ ಬರುವುದರಲ್ಲಿತ್ತು. ನುಂಗಿಕೊಂಡ.

ಅವಳು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಪಾತ್ರೆಗಳು ಅಗತ್ಯಕ್ಕಿಂತ ಜೋರಾಗಿ ಸದ್ದು ಮಾಡಿದವು. ಮೈಕಣ್ಣ ಮುಚ್ಚಿದ ಬಾಗಿಲ ಬಳಿ ಬಂದು ನಿಂತ. ಅವಳ ಮುಖ ಕಾಣುತ್ತಿರಲಿಲ್ಲ. ಎಲ್ಲೋ ಇರುವವರಿಗೆ, ಕಾಣದವರಿಗೆ ಹೇಳಿಯೇ ಅವನಿಗೆ ಅಭ್ಯಾಸ.

“ಇವತ್ತು ನಾನು ತಪ್ಪು ಪ್ಲಾಟ್‌ಫಾರ್ಮ್ ಹೇಳ್ದೆ,” ಎಂದ ಬಾಗಿಲಿಗೆ.

“ಗೊತ್ತಾಯ್ತು. ಒಂದು ನರಪಿಳ್ಳೆ ಇರಲಿಲ್ಲ ಅಲ್ಲಿ.”

“ಸೇತುವೆ ಮೇಲಿಂದ ನೋಡ್ತಾ ಇದ್ದೆ. ಸಿಕ್ಕಾಕ್ಕೊಂಡಿದ್ದೆ. ನೀನು ಇಳಿದೆ. ಚೀಲ ಕೆಳಗಿಟ್ಟು ಕೂದಲು ಸರಿ ಮಾಡ್ಕೊಂಡೆ. ಆಚೆ ಈಚೆ ಯಾರನ್ನೂ ಹುಡುಕಲಿಲ್ಲ. ತಲೆ ಎತ್ತಿ ಸ್ಪೀಕರ್ ಕಡೆ ನೋಡ್ದೆ. ತುಂಬಾ ಹೊತ್ತು ನೋಡ್ದೆ.” ಮೈಕಣ್ಣನ ದೊಡ್ಡ ಧ್ವನಿ ಎಲ್ಲೋ ಕಳೆದುಹೋಗಿತ್ತು. “ಇವತ್ತಿನ ಸಂತೋಷ ಅದು.”

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಗೋಡೆಯಾಚೆ ನರ್ಸಮ್ಮನ ಮನೆಯಲ್ಲೂ ಒಂದು ಚಮಚದ ಸದ್ದಿರಲಿಲ್ಲ.

“ಗಾಡಿ ನಿಂತ ಕೂಡಲೇ ನಿಮ್ಮ ಧ್ವನಿ ಕೇಳುತ್ತೆ ಅಂತ ದಾರಿಯುದ್ದಕ್ಕೂ ಅಂದ್ಕೊಂಡು ಬಂದೆ,” ಎಂದಳು ಹೆಂಡತಿ ನಿಧಾನವಾಗಿ. “ಕೋಪದಲ್ಲೂ.”

ಬಾಗಿಲು ತೆರೆಯಿತು. ಅವಳ ಕಣ್ಣು ಕೆಂಪಾಗಿತ್ತು. ಹಬೆಯಿಂದ ಇರಬಹುದು, ಒಲೆ ಇನ್ನೂ ಹಚ್ಚಿರಲಿಲ್ಲ ಎಂಬುದನ್ನು ಬಿಟ್ಟರೆ.

“ಮಿಷನ್ನಿಗೆ ಹೇಳಿದ್ದೆಲ್ಲ ನನಗೆ ಹೇಳ್ಬೇಕು. ಒಂದೂ ಬಿಡದ ಹಾಗೆ. ನಾಡಿದ್ದು ಬೆಳಿಗ್ಗೆ ಗಾಡಿಗೆ ನಾನು ವಾಪಸ್ ಹೊರಡ್ಬೇಕು, ಕೂಸು ಅಲ್ಲಿದೆ. ಅಷ್ಟರಲ್ಲಿ ಮುಗಿಯುತ್ತಾ?”

“ಆ ಗಾಡಿ ಲೇಟು,” ಎಂದ ಮೈಕಣ್ಣ.

“ಅದು ಯಾವತ್ತೂ ಲೇಟಾಗಿದ್ದೇ ಇಲ್ವಲ್ಲ. ಯಾರು ಹೇಳಿದ್ದು?”

“ನಾನು,” ಎಂದ ಮೈಕಣ್ಣ, ಮತ್ತು ಅವಳಿಗೆ ಕೂರಲು ಕುರ್ಚಿ ಎಳೆದ.